ಗಾಳಿಗೆ ಎಡೆ

ಲೋಕದ ಕಾರ್ಖಾನೆಗಳು ತಂಪಿನ ಗ್ಯಾಸು ತಯಾರಿಸುವುದನ್ನು ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. ಭೂಮಿ ಬಿಸಿಯಾಗುವುದಕ್ಕೆ ಆ ಗ್ಯಾಸೂ ಒಂದು ಕಾರಣವೆಂದು ದೇಶದೇಶಗಳ ದೊಡ್ಡವರು ಕೂತು ಒಪ್ಪಂದ ಮಾಡಿಕೊಂಡರು, ಕಾರ್ಖಾನೆಗಳಿಗೆ ಬೀಗ ಹಾಕಿಸಿದರು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಅದರ ಬದಲಿಗೆ ಬರಬೇಕಾಗಿದ್ದ ಹೊಸ ಗ್ಯಾಸು ಉಳ್ಳವರ ದೇಶಗಳಲ್ಲೇ ಖರ್ಚಾಗಿ ಹೋಯಿತು, ಕಲಬುರಗಿಯವರೆಗೆ ಬರಲಿಲ್ಲ. ಹೀಗಾಗಿ ಊರಿಗೆ ಉಳಿದ ತಂಪೆಂದರೆ ಹಳೆಯ ಕಾರು, ಜೀಪು, ಬಸ್ಸುಗಳ ಎ.ಸಿ. ಕೊಳವೆಗಳಲ್ಲಿ ಸುತ್ತುತ್ತಿದ್ದಷ್ಟೇ. ಒಂದು ಕಾರಿನ ಹೊಟ್ಟೆಯಲ್ಲಿ ಹೆಚ್ಚೆಂದರೆ ಅರ್ಧ ಕಿಲೊ. ಸೋರಿ ಹೋದರೆ ಹೋಯಿತು, ಎಷ್ಟು ಕೊಡುತ್ತೇನೆಂದರೂ ಮತ್ತೆ ಸಿಗುವಂಥದ್ದಲ್ಲ.

ಅದಕ್ಕೇ ತಂಪು ಮಂಡಳಿ ಎಂಬುದೊಂದು ಹುಟ್ಟಿಕೊಂಡಿತು. ಬೇಸಿಗೆಯಲ್ಲಿ ನಲವತ್ತೊಂಬತ್ತು ಡಿಗ್ರಿ ಮುಟ್ಟುವ ಜಿಲ್ಲೆಗಳಲ್ಲಿ ಖಾಸಗಿ ಗಾಡಿಗಳವರು ತಮ್ಮ ಗ್ಯಾಸನ್ನು ಮಂಡಳಿಗೆ ಒಪ್ಪಿಸಬೇಕು, ಅದು ಊರಿನ ನಾಲ್ಕು ತಂಪುಶಾಲೆಗಳಿಗೆ ಹೋಗಬೇಕು, ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಬಸುರಿಯರು, ಮುದುಕರು, ಎದೆಬೇನೆಯವರು ಅಲ್ಲಿ ಕೂತು ಜೀವ ಉಳಿಸಿಕೊಳ್ಳಬೇಕು. ಕಾಗದದ ಮೇಲೆ ತಂಪುಶಾಲೆ ಎಂದಿದ್ದದ್ದನ್ನು ಜನ ಥಂಡಿ ಮನಿ ಎಂದರು. ಯೋಜನೆ ಕೆಟ್ಟದ್ದಾಗಿರಲಿಲ್ಲ. ನಮ್ಮಲ್ಲಿ ಯೋಜನೆಗಳು ಕೆಟ್ಟವಾಗಿರುವುದು ಕಡಿಮೆ, ಅವು ಕೆಡುವುದು ಕೈಗೆ ಬಂದ ಮೇಲೆ.

ಗ್ಯಾಸು ತೆಗೆಯುವ ಕೇಂದ್ರ ಇದ್ದದ್ದು ಊರಾಚೆ, ಮುಚ್ಚಿಹೋದ ಒಂದು ತೊಗರಿ ಬೇಳೆ ಮಿಲ್ಲಿನ ಶೆಡ್ಡಿನಲ್ಲಿ. ಜಗದೇವಿ ಅಲ್ಲಿಯ ಹಿರಿಯ ಮೆಕ್ಯಾನಿಕ್ಕು. ನಲವತ್ತೊಂದರ ಹೆಂಗಸು, ಕೈಬೆರಳಿನ ಸಂದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು. ಗಾಡಿ ಬಂದು ನಿಂತರೆ ಅವಳು ಬಾನೆಟ್ಟು ಎತ್ತಿ ಕೆಂಪು ಮತ್ತು ನೀಲಿ ಪೈಪುಗಳನ್ನು ಸಿಕ್ಕಿಸುತ್ತಿದ್ದಳು. ಯಂತ್ರ ಗ್ಯಾಸನ್ನು ಎಳೆದು, ಅದರಲ್ಲಿ ಬೆರೆತ ಎಣ್ಣೆಯನ್ನು ಬೇರೆ ಮಾಡಿ, ತಕ್ಕಡಿಯ ಮೇಲಿಟ್ಟ ಸಿಲಿಂಡರಿಗೆ ತುಂಬುತ್ತಿತ್ತು. ತಕ್ಕಡಿಯ ಅಂಕಿ ನೇರವಾಗಿ ಮಂಡಳಿಯ ಕಚೇರಿಗೆ ಹೋಗುತ್ತಿತ್ತು, ಗ್ರಾಮು ಗ್ರಾಮಿನ ಲೆಕ್ಕ. ಆಮೇಲೆ ಪಂಪು ಹಚ್ಚಿ ಕೊಳವೆಯಲ್ಲಿ ಅಳಿದುಳಿದದ್ದನ್ನೂ ಹೀರಿ, ಒಳಗೆ ಗಾಳಿಯೂ ಇಲ್ಲದಂತೆ ಖಾಲಿ ಮಾಡಿ, ಮೀಟರಿನ ಮುಳ್ಳು ಸೊನ್ನೆಯ ಕೆಳಗೆ ಅಲುಗದೆ ನಿಂತಿತೆಂದರೆ ಮುಚ್ಚಳಕ್ಕೆ ಸೀಲು ಹಾಕುತ್ತಿದ್ದಳು. ಗಾಡಿಯವನು ಬಿಸಿಲಿಗೆ ಹೊರಟುಹೋಗುತ್ತಿದ್ದ. ಹೋಗುವಾಗ ಅವಳನ್ನು ಬೈಯದೆ ಹೋದವರು ಕಡಿಮೆ.

ಈ ಕೆಲಸವನ್ನು ಅವಳಿಗೆ ಕಲಿಸಿದವರು ಮಶಾಕ್ ಸಾಬರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಪುಣೆಗೆ ಹೋದ ವರ್ಷ ಜಗದೇವಿ ಅವರ ಗ್ಯಾರೇಜಿನ ಮುಂದೆ ನಿಂತು ಕೆಲಸ ಕೊಡಿ ಎಂದು ಕೇಳಿದ್ದಳು. ಇಡೀ ಓಣಿ ನಕ್ಕಿತ್ತು. ಮಶಾಕ್ ಸಾಬರು ನಗಲಿಲ್ಲ, ಪುಣ್ಯ ಕಟ್ಟಿಕೊಳ್ಳುವವರ ಮುಖವನ್ನೂ ಮಾಡಲಿಲ್ಲ. ಕೈಗೆ ಹತ್ತನೇ ನಂಬರಿನ ಪಾನಾ ಕೊಟ್ಟು ಒಂದು ನಟ್ಟು ತೋರಿಸಿದರು, ಅಷ್ಟೇ. ಮಂಡಳಿ ಕೇಂದ್ರ ತೆರೆದಾಗ ಅವರನ್ನು ಕರೆಯಿತು. ಅವರು ಇವಳನ್ನೂ ಕರೆದುಕೊಂಡು ಬಂದರು.

ಉಸ್ತಾದರಿಗೆ ಒಂದು ಪದ್ಧತಿಯಿತ್ತು. ಪೈಪನ್ನು ಗಾಡಿಗೆ ಸಿಕ್ಕಿಸಿದ ಕೂಡಲೇ ಯಂತ್ರದ ಕಡೆಯ ತಿರುಪನ್ನು ಒಂದು ಎಳೆ ಸಡಿಲ ಮಾಡುವರು. ಫುಸ್ ಎಂದು ಚೂರೇ ಚೂರು ಗ್ಯಾಸು ಹೊರಗೆ ಹೋಗುವುದು, ತಕ್ಷಣ ಬಿಗಿ ಮಾಡುವರು. ಪೈಪಿನಲ್ಲಿ ಕೂತಿದ್ದ ಗಾಳಿಯನ್ನು ಆ ಗ್ಯಾಸು ತಳ್ಳಿಕೊಂಡು ಹೋಗುತ್ತಿತ್ತು. ಹಾಗೆ ಮಾಡದಿದ್ದರೆ ಗಾಳಿಯೂ ಗ್ಯಾಸಿನ ಜೊತೆ ಸಿಲಿಂಡರು ಸೇರುತ್ತದೆ. ಗ್ಯಾಸು ಒತ್ತಿದರೆ ನೀರಿನಂತಾಗುತ್ತದೆ, ಗಾಳಿ ಆಗುವುದಿಲ್ಲ, ಅದು ಯಂತ್ರದೊಳಗೆ ಎದೆ ಸೆಟೆದು ನಿಂತುಬಿಡುತ್ತದೆ. ಒಂದು ಪೈಪಿನ ಗಾಳಿ ಏನೂ ಅಲ್ಲ, ಸಾವಿರ ಪೈಪಿನದು ಕೂಡಿದರೆ ಯಂತ್ರವೇ ಉಸಿರುಕಟ್ಟಿ ನಿಲ್ಲುತ್ತದೆ. ಆ ಫುಸ್ ಎನ್ನುವುದಕ್ಕೆ ಮಶಾಕ್ ಸಾಬರು ಇಟ್ಟ ಹೆಸರು ಗಾಳಿಗೆ ಎಡೆ. ನೀವು ದೇವರಿಗೆ ಎಡೆ ಹಿಡಿದೇ ಉಣ್ಣುತ್ತೀರಲ್ಲ, ಇದಕ್ಕೂ ಹಂಗೇ ಎಂದು ಹೊಸದಾಗಿ ಬಂದವರಿಗೆ ಹೇಳುವರು. ಶೆಡ್ಡಿನಲ್ಲಿ ಎಲ್ಲರೂ ಎಡೆ ಆಯಿತಾ ಎಂದು ಕೇಳಿಯೇ ಯಂತ್ರದ ಗುಂಡಿ ಒತ್ತುತ್ತಿದ್ದರು.

ಹಾಗಿರುವಾಗ ಬಿರಾದಾರ ಸಾಹೇಬರು ಕೇಂದ್ರದ ವ್ಯವಸ್ಥಾಪಕರಾಗಿ ಬಂದರು. ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. ಬಂದ ತಿಂಗಳೊಪ್ಪತ್ತಿನಲ್ಲಿ ಶೆಡ್ಡಿನ ಗೋಡೆಗೆ ಒಂದು ಮೀಟರು ಬಂತು. ಎಲ್ಲಿ ಒಂದು ಗ್ರಾಮು ಸೋರಿದರೂ ಅದರ ಮೂಗಿಗೆ ಬಡಿದು ಕೂಗುತ್ತಿತ್ತು. ಎಡೆಗೆ ಐದು ಗ್ರಾಮು, ದಿನಕ್ಕೆ ತೊಂಬತ್ತು ಗಾಡಿ. ದಿನಾ ಒಂದು ಕಾರಿನಷ್ಟು ತಂಪನ್ನು ನೀವು ಆಕಾಶಕ್ಕೆ ಊದುತ್ತಿದ್ದೀರಿ ಎಂದು ಸಾಹೇಬರು ಸಭೆ ಕರೆದು ಹೇಳಿದರು. ಲೆಕ್ಕ ತಪ್ಪಾಗಿರಲಿಲ್ಲ. ಮಶಾಕ್ ಸಾಬರೂ ಅದನ್ನು ಒಪ್ಪಿದರು. ಹಾಗಾದರೆ ಪ್ರತಿ ಗಾಡಿಗೂ ಮೊದಲು ಪೈಪಿಗೆ ಪಂಪು ಹಚ್ಚಿ ಗಾಳಿ ಎಳೆಯೋಣ, ಒಂದು ಗ್ರಾಮೂ ಹೋಗುವುದಿಲ್ಲ, ಆರು ನಿಮಿಷ ಹೆಚ್ಚು ಬೇಕು, ಇಲ್ಲವೆ ಇನ್ನೆರಡು ಪಂಪು ಕೊಡಿಸಿ ಎಂದರು. ಪಂಪಿಗೆ ಅರ್ಜಿ ಹೋಯಿತು, ಅರ್ಜಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆರು ನಿಮಿಷಕ್ಕೆ ಮೇಲಿನವರು ಒಪ್ಪಲಿಲ್ಲ, ದಿನಕ್ಕೆ ತೊಂಬತ್ತು ಗಾಡಿ ಆಗಲೇಬೇಕಿತ್ತು. ಕೊನೆಗೆ ಬಂದ ಸುತ್ತೋಲೆಯ ಪ್ರಕಾರ ಎಡೆಯೂ ಇಲ್ಲ, ಆರು ನಿಮಿಷವೂ ಇಲ್ಲ.

ಶೆಡ್ಡಿನವರೆಲ್ಲ ತಲೆಬಾಗಿದರು. ಮಶಾಕ್ ಸಾಬರು ಮಾತ್ರ ಮೀಟರು ಕೂಗುತ್ತಿದ್ದಂತೆಯೇ ತಿರುಪು ಸಡಿಲಿಸುತ್ತಿದ್ದರು. ಮೂರು ನೋಟಿಸು ಬಂದವು. ಗ್ಯಾಸನ್ನು ಬೇಕೆಂದೇ ಹೊರಬಿಡುವುದು ಹೊಸ ಕಾಯಿದೆಯಲ್ಲಿ ಜೈಲಿಗೆ ಕಳಿಸುವ ಅಪರಾಧ. ವಿಚಾರಣೆಗೆ ಒಬ್ಬ ಸಾಕ್ಷಿ ಬೇಕಾಗಿತ್ತು, ಪಕ್ಕದಲ್ಲೇ ನಿಂತು ಕೆಲಸ ಮಾಡುವವರು ಸಹಿ ಹಾಕಿದರೆ ಒಳ್ಳೆಯದು ಎಂದು ಬಿರಾದಾರರು ಜಗದೇವಿಯನ್ನು ಒಳಗೆ ಕರೆದರು.

ಆ ದಿನಗಳಲ್ಲಿ ಜಗದೇವಿಯ ಮನೆಯಲ್ಲಿ ತಂಗಿ ಮಹಾನಂದಾ ಇದ್ದಳು. ನಾಲ್ಕು ತಿಂಗಳ ಬಸುರಿ. ಗಂಡ ಸೋಲಾಪುರದ ಲಾರಿ ಡ್ರೈವರು, ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುವವನು. ಹಿಂದಿನ ಎರಡು ಬೇಸಿಗೆಗಳಲ್ಲಿ ಅವಳಿಗೆ ಎರಡು ಬಸಿರು ಇಳಿದಿದ್ದವು. ಬಿಸಿಲು ಅವಳ ಮೈಗೆ ಆಗುವುದಿಲ್ಲ, ಈ ಸಲ ಮಧ್ಯಾಹ್ನಗಳನ್ನು ತಂಪಿನಲ್ಲಿ ಕಳೆದರೆ ಕೂಸು ಉಳಿದೀತು, ಇಲ್ಲವಾದರೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಥಂಡಿ ಮನಿಯ ಪಾಸಿಗೆ ಊರೆಲ್ಲ ಮುಗಿಬಿದ್ದಿತ್ತು. ಗ್ಯಾಸು ಕೇಂದ್ರದ ನೌಕರರಿಗೆ ಮಾತ್ರ ಮನೆಗೊಂದು ಪಾಸು ಖಾತ್ರಿ. ಮಹಾನಂದಾಳ ಪಾಸು ಜಗದೇವಿಯ ನೌಕರಿಗೆ ಜೋತುಬಿದ್ದಿತ್ತು.

ಬಿರಾದಾರರು ಬೆದರಿಸಲಿಲ್ಲ. ತಂಗಿ ಹೇಗಿದ್ದಾಳೆ ಎಂದು ಕೇಳಿದರು, ಈ ಸಲ ಎಲ್ಲ ಒಳ್ಳೆಯದಾಗುತ್ತದೆ ಎಂದರು, ಕಾಗದವನ್ನು ಅವಳ ಮುಂದೆ ಸರಿಸಿದರು. ಮಶಾಕ್ ಸಾಬರು ಗ್ಯಾಸನ್ನು ಉದ್ದೇಶಪೂರ್ವಕವಾಗಿ ಗಾಳಿಗೆ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಜಗದೇವಿ ಸಹಿ ಹಾಕಿದಳು.

ವಿಚಾರಣೆಯ ದಿನ ಉಸ್ತಾದರು ಕನ್ನಡಕ ಏರಿಸಿ ಆ ಕಾಗದವನ್ನು ಎರಡು ಸಲ ಓದಿದರು. ಅವಳ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು.

"ಇದ್ರಾಗ ಸುಳ್ಳು ಏನೂ ಇಲ್ಲ ಬೇಟಾ. ಬಿಟ್ಟೀನಿ, ಖರೇ. ಯಾಕ ಬಿಟ್ಟೀನಿ ಅಂತ ಒಂದು ಸಾಲು ಬರೀಬೇಕಾಗಿತ್ತು."

ಅವರನ್ನು ಕೆಲಸದಿಂದ ತೆಗೆದರು, ಮೇಲೆ ಕೋರ್ಟಿನಲ್ಲಿ ಕೇಸು ಹೂಡಿದರು. ಮಾರನೆಯ ದಿನ ಶೆಡ್ಡಿನಲ್ಲಿ ಮೀಟರು ಒಮ್ಮೆಯೂ ಕೂಗಲಿಲ್ಲ. ಬಿರಾದಾರರು ಎಲ್ಲರಿಗೂ ಪೇಡೆ ಹಂಚಿದರು.

ಬೇಸಿಗೆ ಬಂತು. ಜಗದೇವಿಯ ದಿನಚರಿಯೆಂದರೆ ಇಷ್ಟು. ಬೆಳಕು ಹರಿಯುವ ಹೊತ್ತಿಗೆ ಕೇಂದ್ರಕ್ಕೆ ಹೋಗಿ ಸಿಲಿಂಡರುಗಳ ಒತ್ತಡ ನೋಡಿ ಬರೆಯುವುದು, ಹನ್ನೊಂದೂವರೆಗೆ ಮನೆಗೆ ಬಂದು ತಂಗಿಯನ್ನು ಸ್ಕೂಟಿಯಲ್ಲಿ ಕೂರಿಸಿ, ಒದ್ದೆ ಟವೆಲು ಹೊದಿಸಿ ಥಂಡಿ ಮನಿಗೆ ಬಿಡುವುದು, ಸಂಜೆ ಕರೆತರುವುದು. ಮಹಾನಂದಾ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಿದ್ದಳು. ಏಳನೆಯ ತಿಂಗಳು ಬಿದ್ದಾಗ ಹಸಿರು ಬಳೆ ಇಡಿಸಿಕೊಂಡಳು. ಒಳಗಿರುವುದು ರೌಡಿ ಇದ್ದಹಾಗಿದೆ, ಥಂಡಿ ಮನಿಯಲ್ಲಿ ಕೂತ ಕೂಡಲೇ ಒದೆಯಲಿಕ್ಕೆ ಸುರುಮಾಡುತ್ತದೆ ಎಂದು ಅಕ್ಕನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುವಳು. ಕೂಸಿಗೆ ಹೆಸರು ಹುಡುಕುವ ನೆಪದಲ್ಲಿ ಇಬ್ಬರೂ ದಿನಾ ಜಗಳ ಆಡುತ್ತಿದ್ದರು. ಜಗದೇವಿ ಹೇಳಿದ ಹೆಸರೆಲ್ಲ ಮಹಾನಂದಾಳ ಕಿವಿಗೆ ಮುದುಕಿಯರ ಹೆಸರು. ಜಗದೇವಿಯ ಗಂಡ ಹೋದಾಗಿನಿಂದ ಆ ಮನೆಯಲ್ಲಿ ಅಷ್ಟು ನಗೆ ಕೇಳಿದ್ದಿಲ್ಲ.

ಏಪ್ರಿಲ್ ಇಪ್ಪತ್ತಮೂರರ ಬೆಳಿಗ್ಗೆ ಜಗದೇವಿ ಸಿಲಿಂಡರುಗಳ ಮುಂದೆ ನಿಂತಳು. ನೆರಳಿನ ಉಷ್ಣಮಾಪಕದಲ್ಲಿ ಮೂವತ್ತು ಡಿಗ್ರಿ. ಶುದ್ಧ ಗ್ಯಾಸಿಗೆ ಮೂವತ್ತರಲ್ಲಿ ಒತ್ತಡ ತೊಂಬತ್ತೇಳು ಪೌಂಡು, ಅದು ಅವಳಿಗೆ ಬಾಯಿಪಾಠ. ಮುಳ್ಳು ನೂರ ಹದಿನೆಂಟರಲ್ಲಿ ನಿಂತಿತ್ತು. ಇನ್ನೊಂದು ಸಿಲಿಂಡರಿಗೆ ಹಚ್ಚಿ ನೋಡಿದಳು. ನೂರ ಇಪ್ಪತ್ತು. ಒಳಗೆ ಗಾಳಿ ಸೇರಿದೆ, ಬೇರೆ ಯಾವ ಅರ್ಥವೂ ಅದಕ್ಕಿಲ್ಲ.

ಬಿರಾದಾರರಿಗೆ ಹೇಳಿದಳು. ಅವರು ಬಂದು ನೋಡಿದರು, ಗಾಜನ್ನು ಬೆರಳಿನಿಂದ ತಟ್ಟಿದರು. ಮುಳ್ಳು ಹಳೆಯದು, ಹೊಸದಕ್ಕೆ ಬರೆಯೋಣ ಎಂದರು. ಈಗ ಈ ಅಂಕಿಯನ್ನು ಮೇಲಕ್ಕೆ ಕಳಿಸಿದರೆ ನಾಲ್ಕೂ ತಂಪುಶಾಲೆ ಮುಚ್ಚಿಸಿ ತಪಾಸಣೆಗೆ ಕೂರುತ್ತಾರೆ, ಮೇ ತಿಂಗಳು ಪೂರ್ತಿ ಮುಚ್ಚಿದರೆ ಎಷ್ಟು ಜನ ಸಾಯುತ್ತಾರೆ, ನೀವೇ ಹೇಳಿ ಎಂದು ಅವಳನ್ನೇ ಕೇಳಿದರು. ಆಮೇಲೆ ದನಿ ಇಳಿಸಿದರು.

"ತೊಂಬತ್ತೇಳು ಅಂತ ಬರೀರಿ ಜಗದೇವಿ. ನಿಮ್ಮ ತಂಗೀನೂ ಅಲ್ಲೇ ಕೂಡ್ತಾಳಲ್ಲ."

ಅವಳು ತೊಂಬತ್ತೇಳು ಎಂದು ಬರೆದಳು. ಮುಳ್ಳು ಹಳೆಯದೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ನಂಬಲಿಕ್ಕೆ ಮನಸ್ಸಿದ್ದವರಿಗೆ ಒಂದು ಹಳೆಯ ಮುಳ್ಳು ಸಾಕಾಗುತ್ತದೆ.

ಆದರೂ ಮನಸ್ಸು ತಡೆಯದೆ ಒಂದು ಸಂಜೆ ಮಶಾಕ್ ಸಾಬರ ಮನೆಗೆ ಹೋದಳು. ಅವರು ಅಂಗಳದಲ್ಲಿ ಕೂತು ಹಳೆಯ ಸೈಕಲ್ಲಿನ ಟ್ಯೂಬಿಗೆ ಪಂಚರು ಹಾಕುತ್ತಿದ್ದರು. ಈಗ ಅದೇ ಅವರ ಜೀವನ. ಅವಳು ಅಂಕಿ ಹೇಳಿದಳು. ಅವರು ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು. ಗಾಳಿ ಸಿಲಿಂಡರಿನ ತಲೆಯಲ್ಲಿ ಕೂತಿರುತ್ತದೆ, ಬೆಳಗಿನ ತಂಪಿನಲ್ಲಿ ಅಲುಗಾಡಿಸದೆ ಮೇಲಿನ ವಾಲ್ವನ್ನು ಅರ್ಧ ನಿಮಿಷ ಸಣ್ಣಗೆ ಬಿಟ್ಟರೆ ಮೊದಲು ಅದೇ ಹೊರಗೆ ಹೋಗುತ್ತದೆ, ಮುಳ್ಳು ತೊಂಬತ್ತೇಳಕ್ಕೆ ಇಳಿದ ಕೂಡಲೇ ಮುಚ್ಚು ಎಂದರು. ನಿನ್ನೆಯವರೆಗೂ ಜೊತೆಯಲ್ಲೇ ಕೆಲಸ ಮಾಡಿದವರಂತೆ ಹೇಳಿದರು.

"ಬಿಟ್ರ ಮೀಟರ್ ಒದರ್ತದ, ಉಸ್ತಾದ್ರೆ," ಎಂದಳು ಜಗದೇವಿ.

"ಒದರ್ತದ," ಎಂದರು ಮಶಾಕ್ ಸಾಬರು. ಒಳಗೆ ಕೂಗಿ ಅವಳಿಗೆ ಚಹಾ ತರಿಸಿದರು.

ಅವಳು ಚಹಾ ಕುಡಿದು ಬಂದಳು. ಮಾರನೆಯ ಬೆಳಿಗ್ಗೆ ವಾಲ್ವಿನ ಮೇಲೆ ಕೈಯಿಟ್ಟು ನಿಂತಳು. ಗೋಡೆಯ ಮೀಟರು ನೋಡಿದಳು. ಉಸ್ತಾದರ ಕೈಗೆ ಬಂದ ನೋಟಿಸು ನೆನಪಾಯಿತು, ಪಾಸಿನ ಮೇಲಿನ ತಂಗಿಯ ಫೋಟೊ ನೆನಪಾಯಿತು. ಕೈ ತೆಗೆದಳು. ಪುಸ್ತಕದಲ್ಲಿ ತೊಂಬತ್ತೇಳು ಎಂದು ಬರೆದಳು. ಮುಂದೆ ಅದು ಅಭ್ಯಾಸವಾಯಿತು, ಮುಳ್ಳು ನೋಡದೆಯೇ ಬರೆಯತೊಡಗಿದಳು.

ಮೇ ಹತ್ತೊಂಬತ್ತರಂದು ಬಿಸಿಲು ನಲವತ್ತೊಂಬತ್ತೂವರೆಗೆ ಏರಿತು. ಮೂರನೆಯ ಥಂಡಿ ಮನಿ ಮೊದಲು ಮದುವೆಯ ಮಂಗಲ ಕಾರ್ಯಾಲಯವಾಗಿತ್ತು. ತಂಪು ಹೊರಗೆ ಹೋಗಬಾರದೆಂದು ಅದರ ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಸಿದ್ದರು. ಒಳಗೆ ಮುನ್ನೂರ ನಲವತ್ತು ಜನ, ಅವರಲ್ಲಿ ಮಹಾನಂದಾಳೂ ಒಬ್ಬಳು. ಅಂಥ ಬಿಸಿಲಿನಲ್ಲಿ ಯಂತ್ರ ಹೇಗೂ ಏದುಸಿರು ಬಿಡುತ್ತಿರುತ್ತದೆ, ಅದರ ಕೊಳವೆಗಳಲ್ಲಿ ಗಾಳಿಯೂ ಸೇರಿಕೊಂಡಿತ್ತು. ಎರಡು ಗಂಟೆ ಹತ್ತು ನಿಮಿಷಕ್ಕೆ ಒತ್ತಡ ಮಿತಿ ಮೀರಿ ಯಂತ್ರ ತಾನೇ ನಿಂತಿತು. ಚಾಲೂ ಮಾಡಿದರೆ ಎರಡು ನಿಮಿಷ ಓಡಿ ಮತ್ತೆ ನಿಂತಿತು. ಐದು ಗಂಟೆಗೆ ಮೊದಲು ಬಾಗಿಲು ತೆರೆಯಕೂಡದೆಂದು ನಿಯಮವಿತ್ತು, ಕಾವಲಿನವನು ಮೇಲಿನವರಿಗೆ ಫೋನು ಹಚ್ಚಿ ಅಪ್ಪಣೆಗೆ ಕಾದ. ಅಪ್ಪಣೆ ಬರಲು ನಲವತ್ತು ನಿಮಿಷ ಬೇಕಾಯಿತು. ಬಾಗಿಲು ತೆರೆದಾಗ ಹೊರಗಿನಿಂದ ಒಳಗೆ ಬಂದದ್ದೂ ಬೆಂಕಿಯೇ.

ಮಂಡಳಿಯ ಕಂಟ್ರೋಲ್ ರೂಮಿನಲ್ಲಿ ಗೋಡೆಯ ತುಂಬ ಪರದೆಗಳಿದ್ದವು. ಮೂರನೆಯ ತಂಪುಶಾಲೆಯ ಚೌಕ ಕೆಂಪಾಗಿ ಮಿನುಗಲು ಸುರುವಾದಾಗ ಅಲ್ಲಿದ್ದವರು ಕೈಪಿಡಿ ತಿರುವಿದರು. ಒತ್ತಡ ಹೆಚ್ಚಿದರೆ ಗ್ಯಾಸು ಹೆಚ್ಚಾಗಿದೆ ಎಂದು ಅದರಲ್ಲಿತ್ತು. ಗ್ಯಾಸಿನಲ್ಲಿ ಗಾಳಿ ಸೇರಿದ್ದರೆ ಏನು ಮಾಡಬೇಕೆಂದು ಇರಲಿಲ್ಲ, ಪ್ರತಿದಿನದ ವರದಿಯಲ್ಲಿ ತೊಂಬತ್ತೇಳು ಎಂದಿರುವಾಗ ಗಾಳಿಯ ಮಾತು ಬರುವುದಾದರೂ ಹೇಗೆ. ಕೊನೆಗೆ ಯಾರೋ ಜಗದೇವಿಯನ್ನು ಕರೆಸಿ ಎಂದರು.

ಅವಳು ತಲುಪಿದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಒಳಗೆ ನೋಡಲಿಲ್ಲ. ನೋಡಿದರೆ ಕೈ ಓಡುವುದಿಲ್ಲವೆಂದು ಗೊತ್ತಿತ್ತು. ಏಣಿ ಹತ್ತಿ ಮಾಳಿಗೆಯ ಮೇಲಿನ ಯಂತ್ರದ ತಲೆಯ ವಾಲ್ವಿಗೆ ಪಾನಾ ಹಾಕಿದಳು. ಬಿರಾದಾರರು ಪಕ್ಕದಲ್ಲೇ ನಿಂತಿದ್ದರು, ತಡೆಯಲಿಲ್ಲ. ಫುಸ್ಸೆಂದು ಗಾಳಿ ಹೊರಟಿತು. ಮುಳ್ಳು ಇಳಿಯುತ್ತ ಬಂತು. ಬಿಗಿ ಮಾಡಿ ಗುಂಡಿ ಒತ್ತಿದಳು, ಯಂತ್ರ ಚಾಲೂ ಆಯಿತು, ನಿಲ್ಲದೆ ಓಡಿತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಕೆಳಗೆ ಬಂದಾಗ ಮಹಾನಂದಾಳನ್ನು ಬಾಗಿಲ ಹತ್ತಿರ ನೆಲದ ಮೇಲೆ ಮಲಗಿಸಿ ನೀರು ಚಿಮುಕಿಸುತ್ತಿದ್ದರು. ಕಣ್ಣು ತೆರೆದಿದ್ದಳು. ಅಕ್ಕನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಒದಿವಲ್ದು ಅಕ್ಕ," ಎಂದಳು. "ಆವಾಗಿಂದ ಒದಿವಲ್ದು."

ಆಸ್ಪತ್ರೆಯಲ್ಲಿ ಮಾರನೆಯ ದಿನ ಹೆರಿಗೆ ಮಾಡಿಸಿದರು. ಹೆಣ್ಣು. ತಲೆತುಂಬ ಕೂದಲಿತ್ತು, ಉಗುರುಗಳೂ ಮೂಡಿದ್ದವು. ಉಸಿರೊಂದು ಇರಲಿಲ್ಲ. ಮೂರನೆಯ ತಂಪುಶಾಲೆಯಲ್ಲಿ ಸತ್ತವರು ಹನ್ನೊಂದು ಜನ ಎಂದು ಮಂಡಳಿ ಪ್ರಕಟಿಸಿತು. ಈ ಕೂಸು ಆ ಹನ್ನೊಂದರಲ್ಲಿ ಸೇರಲಿಲ್ಲ, ಹುಟ್ಟದವರನ್ನು ಸತ್ತವರೆಂದು ಎಣಿಸುವ ನಿಯಮವಿರಲಿಲ್ಲ.

ವಿಚಾರಣಾ ಸಮಿತಿ ಹದಿನೈದು ದಿನದಲ್ಲಿ ವರದಿ ಕೊಟ್ಟಿತು. ಸಮಿತಿಯ ಎದುರು ಜಗದೇವಿ ಎಲ್ಲವನ್ನೂ ಹೇಳಲೆಂದೇ ಹೋಗಿದ್ದಳು. ಅವರು ಕೇಳಿದ್ದು ಯಂತ್ರ ಎಷ್ಟು ಗಂಟೆಗೆ ಮತ್ತೆ ಸುರುವಾಯಿತು ಎಂಬುದೊಂದನ್ನೇ. ಅದಕ್ಕೆ ಉತ್ತರ ಹೇಳಿದ ಮೇಲೆ ಅವಳು ಉಸ್ತಾದರ ಮಾತು ತೆಗೆದಳು. ಅದು ಕೋರ್ಟಿನಲ್ಲಿರುವ ವಿಷಯ, ಇಲ್ಲಿ ಬೇಡ ಎಂದರು. ಪುಸ್ತಕದಲ್ಲಿ ತಾನು ಬರೆದ ಅಂಕಿಗಳು ಸುಳ್ಳು ಎಂದಳು. ಬರೆದುಕೊಳ್ಳುತ್ತಿದ್ದವನು ಪೆನ್ನು ಕೆಳಗಿಟ್ಟ. ದುಃಖದಲ್ಲಿದ್ದೀರಿ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅಧ್ಯಕ್ಷರು ಕೈಮುಗಿದರು. ಅವಳ ಮಾತು ನಿಜವಾದರೆ ಆ ಅಂಕಿಗಳಿಗೆ ರುಜು ಹಾಕಿದವರೆಲ್ಲ ಸಿಕ್ಕಿಬೀಳುತ್ತಿದ್ದರು, ಕೆಳಗಿನಿಂದ ಮೇಲಿನವರೆಗೆ.

ವರದಿಯ ಪ್ರಕಾರ ಅನಾಹುತಕ್ಕೆ ಕಾರಣ ಅಸಾಧಾರಣ ಬಿಸಿಲು, ಯಾರಿಗೂ ಮುಂಚಿತವಾಗಿ ತಿಳಿಯುವಂತಿರಲಿಲ್ಲ. ಸಮಯಪ್ರಜ್ಞೆಯಿಂದ ನೂರಾರು ಜೀವ ಉಳಿಸಿದ ಜಗದೇವಿಯವರಿಗೆ ಪ್ರಶಂಸಾಪತ್ರ. ಅದೇ ವಾರ ಇನ್ನೊಂದು ಸುತ್ತೋಲೆಯೂ ಬಂತು. ಇನ್ನುಮುಂದೆ ಪ್ರತಿ ಗಾಡಿಗೆ ಐದು ಗ್ರಾಮು ಮೀರದಂತೆ ನಿಯಂತ್ರಿತ ಪೂರ್ವವಿಸರ್ಜನೆ ಮಾಡತಕ್ಕದ್ದು. ಎಡೆಗೆ ಸರಕಾರಿ ಹೆಸರು ಸಿಕ್ಕಿತ್ತು. ಮಶಾಕ್ ಸಾಬರು ಅದನ್ನು ಮಾಡಿದಾಗ ಈ ಸುತ್ತೋಲೆ ಇರಲಿಲ್ಲವಾದ್ದರಿಂದ ಅವರ ಮೇಲಿನ ಕೇಸು ಹಾಗೇ ಉಳಿಯಿತು, ಸಾಕ್ಷಿಯಾಗಿ ಹಾಜರಾಗಲು ಜಗದೇವಿಗೆ ಸಮನ್ಸೂ ಬಂತು.

ಮಹಾನಂದಾ ಆಸ್ಪತ್ರೆಯಿಂದ ಬಂದು ಅಕ್ಕನ ಮನೆಯಲ್ಲೇ ಮಲಗಿದ್ದಳು. ಜಗದೇವಿ ಗಂಜಿ ಮಾಡಿ ಕುಡಿಸುವಳು, ತಲೆ ಬಾಚುವಳು, ಎದೆಯಲ್ಲಿ ಹಾಲು ಕಟ್ಟಿಕೊಂಡು ನೋಯುತ್ತಿದ್ದಾಗ ಬಿಸಿನೀರಿನ ಬಟ್ಟೆ ಒತ್ತುವಳು. ಒಂದು ಮಧ್ಯಾಹ್ನ ಪಕ್ಕದ ಮನೆಯವರು ಪೇಪರು ತಂದು ಕೊಟ್ಟು ಹೋದರು. ಮೂರನೆಯ ಪುಟದಲ್ಲಿ ಜಗದೇವಿಯ ಫೋಟೊ ಇತ್ತು. ಮಹಾನಂದಾ ಎದ್ದು ಕೂತು ಅಕ್ಷರ ಅಕ್ಷರ ಬಿಡದೆ ಓದಿದಳು. ಓದಿ ಪೇಪರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಯಾರಿಗೂ ಗೊತ್ತಿರಲಿಲ್ಲಂತ ಬರದಾರ," ಎಂದಳು. "ನಿನಗ ಗೊತ್ತಿತ್ತೇನು ಅಕ್ಕ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಸಮಿತಿ, ಮಂಡಳಿ, ಪೇಪರು ಎಲ್ಲ ಅವಳ ಬೆನ್ನಿಗಿದ್ದವು. ತಂಗಿಯೂ ನಂಬುತ್ತಿದ್ದಳು, ನಂಬಬೇಕೆಂದೇ ಕೇಳಿದ್ದಳು. ಜಗದೇವಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಇಪ್ಪತ್ತಾರು ದಿನ."

ಜಗದೇವಿ ಪಾಸಿನ ಮಾತು ಹೇಳಿದಳು, ನೌಕರಿಯ ಮಾತು ಹೇಳಿದಳು, ಡಾಕ್ಟರಮ್ಮ ಅಂದದ್ದನ್ನು ಹೇಳಿದಳು, ಎಲ್ಲ ನಿನ್ನ ಸಲುವಾಗಿಯೇ ಎಂದಳು.

"ಅಷ್ಟೂ ದಿನ ನೀನೇ ನನ್ನ ಕೈ ಹಿಡಕೊಂಡು ಹೋಗಿ ಅಲ್ಲಿ ಕುಂಡ್ರಿಸಿ ಬರ್ತಿದ್ದಿ," ಎಂದಳು ಮಹಾನಂದಾ. ದನಿ ಏರಿಸಲಿಲ್ಲ.

ಆಮೇಲೆ ಗಂಡನಿಗೆ ಫೋನು ಹಚ್ಚಿದಳು. ಎಲ್ಲಿದ್ದರೂ ಬಂದು ಕರೆದುಕೊಂಡು ಹೋಗು ಎಂದಳು. ಅವನು ಹುಮನಾಬಾದಿನ ಹತ್ತಿರ ಇದ್ದೇನೆ, ಎರಡು ತಾಸು ಬೇಕು, ಬಿಸಿಲು ಇಳಿಯಲಿ ಎಂದನಂತೆ. ಬಾ ಎಂದು ಫೋನಿಟ್ಟಳು. ಎರಡು ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು, ಗೋಡೆ ಹಿಡಿದು ಹಿಡಿದು ಹೊರಗೆ ಹೋದಳು. ಕಾದ ಕಟ್ಟೆಯ ಮೇಲೆ ಚೀಲ ಹಾಕಿ, ಅದರ ಮೇಲೆ ಕೂತಳು. ಜಗದೇವಿ ಬಾಗಿಲಲ್ಲಿ ನಿಂತು ಬೇಡಿಕೊಂಡಳು. ಒಳಗೆ ಕೂಡು, ಅವನು ಬಂದ ಮೇಲೆ ಹೋಗು, ನಾನು ಬೇಕಾದರೆ ಹೊರಗೆ ಇರುತ್ತೇನೆ ಎಂದಳು. ಮಹಾನಂದಾ ತಿರುಗಿಯೂ ನೋಡಲಿಲ್ಲ. ಲಾರಿ ಬರುವವರೆಗೆ, ಎರಡು ತಾಸೂ, ಅವಳು ಆ ಬಿಸಿಲಿನಲ್ಲೇ ಕೂತಿದ್ದಳು.